ಪೆಸಮಿನೋನ ಸಿಳ್ಳೆ

ಪೆಸಮಿನೋ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹೂತದ್ದನ್ನು ಊರೆಲ್ಲ ನೋಡಿತ್ತು. ಗೋರಿಗೆ ನೀಲಿ ಟೈಲ್ಸ್ ಹಾಕಿಸಿದ್ದನ್ನೂ ನೋಡಿ, ಇಷ್ಟು ಆಡಂಬರ ಬೇಕಿತ್ತೇ ಎಂದು ಆಡಿಕೊಂಡೂ ಆಗಿತ್ತು. ಅಂಥವನು ಒಂದು ಬುಧವಾರ ಸಂಜೆ ಊರ ನಡುರಸ್ತೆಯಲ್ಲಿ, ಅದೂ ಸಾ ಹೊತ್ತಿನಲ್ಲಿ, ಎಲ್ಲರ ಕಿವಿಗೂ ಬೀಳುವಂತೆ ಸಿಳ್ಳೆ ಹಾಕಿದ.

ಸಾ ಹೊತ್ತೆಂದರೆ ಹುಡುಗಾಟವಲ್ಲ. ಸಂಜೆ ಮೊದಲನೆಯ ಶಂಖ ಊದಿತೆಂದರೆ ವೈಪಾಪಾ ಎಂಬ ಆ ದ್ವೀಪದೂರಿನಲ್ಲಿ ಎಲ್ಲರೂ ಮನೆಯೊಳಗೆ ಸೇರಿ ಪ್ರಾರ್ಥನೆಗೆ ಕೂರಬೇಕು. ರಸ್ತೆಯುದ್ದಕ್ಕೂ ಒಂದೇ ಬಣ್ಣದ ಲಾವಲಾವಾ ಪಂಚೆ ಉಟ್ಟ ಗಂಡಸರ ಕಾವಲು. ಎರಡನೆಯ ಶಂಖದ ತನಕ ನಡೆಯುತ್ತಿದ್ದವರು ನಿಂತಲ್ಲೇ ನಿಲ್ಲಬೇಕು, ಬರುವ ಗಾಡಿ ಬಂದಲ್ಲೇ ನಿಲ್ಲಬೇಕು. ಕೋಳಿ ಕೂಡ ಯೋಚನೆ ಮಾಡಿ ಕೂಗಬೇಕು. ಇನ್ನು ಸಿಳ್ಳೆಯ ಮಾತು ಕೇಳಲೇಬೇಡಿ. ಹೊತ್ತು ಇಳಿದ ಮೇಲೆ ಯಾರಾದರೂ ಸಿಳ್ಳೆ ಹಾಕಿದರೆ ಸತ್ತವರು ತಮ್ಮನ್ನೇ ಕರೆದರೆಂದು ಎದ್ದು ಬರುತ್ತಾರೆ ಎನ್ನುವುದು ಅಲ್ಲಿ ಎಳೆಗೂಸಿಗೂ ಗೊತ್ತು. ಸತ್ತವನೇ ಸಿಳ್ಳೆ ಹಾಕಿದರೆ ಏನು ಮಾಡಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಪೆಸಮಿನೋನ ಹೆಂಡತಿ ಫುವತಿನೋ ಸಲೆಲೊಲೊಗಾ ಪೇಟೆಯಲ್ಲಿ ಕೆಸುವಿನ ಗೆಡ್ಡೆಯನ್ನೂ ಕೋಕೋ ಉಂಡೆಗಳನ್ನೂ ಮಾರಿ, ಗಂಡನ ಹಳೇ ನೀಲಿ ಕಾರಿನಲ್ಲಿ ಮನೆಗೆ ಬರುತ್ತಿದ್ದಳು. ಅರವತ್ತೆರಡರ ಹೆಂಗಸು, ಆದರೆ ಸ್ಟಿಯರಿಂಗ್ ಹಿಡಿದರೆ ಮೂವತ್ತರವಳ ಹಾಗೆ. ಚರ್ಚಿನ ಎದುರಿಗೆ ಬರುವಷ್ಟರಲ್ಲಿ ಶಂಖ ಊದಿತು. ಕಾವಲಿನ ಮುಂದಾಳು ತಾಸಿ ಕೈ ಅಡ್ಡ ಹಿಡಿದ. ಅವಳು ಗಾಡಿ ನಿಲ್ಲಿಸಿದಳು, ಇಂಜಿನ್ ಆರಿಸಲಿಲ್ಲ. ಆ ಮುದಿ ಕಾರು ಬಿಸಿಯಿದ್ದಾಗ ಒಮ್ಮೆ ಆರಿತೆಂದರೆ ಮತ್ತೆ ಹೊತ್ತಿಕೊಳ್ಳಲು ನಾಲ್ಕು ಜನ ತಳ್ಳಬೇಕಿತ್ತು. ಊರೆಲ್ಲ ತಣ್ಣಗಾಯಿತು. ಆಗ ಬಾನೆಟ್ಟಿನ ಕೆಳಗಿಂದ ಬಂತು ನೋಡಿ, ಸಣ್ಣಗೆ ಶುರುವಾಗಿ ಉದ್ದಕ್ಕೆ ಏರುವ ಸಿಳ್ಳೆ.

ಪೆಸಮಿನೋ ಬದುಕಿದ್ದಾಗ ಊರಿಗೇ ಹೆಸರಾದ ಸಿಳ್ಳೆಗಾರ. ಯಾರದಾದರೂ ಕಾರಿನ ಹೊಟ್ಟೆಗೆ ತಲೆ ತೂರಿಸಿದನೆಂದರೆ ಹೊತ್ತು ಮುಳುಗುವ ತನಕ ಸಿಳ್ಳೆಯೇ ಸಿಳ್ಳೆ. ಅವನ ಸಿಳ್ಳೆಯೂ ಹೀಗೇ ಸಣ್ಣಗೆ ಶುರುವಾಗಿ ಉದ್ದಕ್ಕೆ ಏರುತ್ತಿತ್ತು. ಫುವತಿನೋ ಸ್ಟಿಯರಿಂಗನ್ನು ಎರಡು ಕೈಯಲ್ಲೂ ಬಿಗಿಹಿಡಿದಳು. ತಾಸಿಯಂತೂ ಸಾ ಹೊತ್ತಿನಲ್ಲಿ ಯಾರೂ ಓಡಕೂಡದು ಎಂದು ಊರಿಗೆಲ್ಲ ಹೇಳುವವನು, ತಾನೇ ಲಾವಲಾವಾ ಎತ್ತಿ ಕಟ್ಟಿಕೊಂಡು ಚರ್ಚಿನ ಹಿಂದಕ್ಕೆ ಓಡಿದ.

ಮಾರನೆಯ ಬೆಳಿಗ್ಗೆ ಊರಿನ ಹಿರಿಯರು ಆವಾ ಬೇರಿನ ಪಾನಕದ ಬಟ್ಟಲಿನ ಸುತ್ತ ಕೂತು ಎರಡು ತಾಸು ಚರ್ಚೆ ಮಾಡಿದರು. ಸಿಳ್ಳೆ ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಮಾಡಿದವನು ಮಣ್ಣಿನ ಕೆಳಗಿದ್ದಾನೆ. ಸತ್ತವನಿಗೆ ದಂಡ ಹಾಕಬಹುದೇ? ಹಾಕಬಹುದು, ಸತ್ತ ಮಾತ್ರಕ್ಕೆ ಅವನು ಈ ಊರಿನವನಲ್ಲ ಎಂದಾಗುವುದಿಲ್ಲ ಎಂದು ಒಬ್ಬರು. ಸರಿ, ಕಟ್ಟುವವರು ಯಾರು? ಮನೆಯವರ ತಪ್ಪಿಗೆ ಮನೆತನದ ಯಜಮಾನನೇ ಹೊಣೆ, ಅದು ಅಜ್ಜಂದಿರ ಕಾಲದ ಕಟ್ಟಳೆ. ಎಲ್ಲರೂ ತಲೆ ತಿರುಗಿಸಿ ನೋಡಿದರು. ಪೆಸಮಿನೋನ ಮನೆತನದ ಯಜಮಾನ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. ಅವನ ಅಣ್ಣ ಲೆಮಾನಾ, ಎಪ್ಪತ್ತರ ಆಸಾಮಿ. ಒಂದು ಹಂದಿ ದಂಡ.

ಲೆಮಾನಾ ಮಧ್ಯಾಹ್ನವೇ ಫುವತಿನೋಳ ಮನೆಗೆ ಬಂದ. ಕೈಯಲ್ಲಿ ನೊಣ ಓಡಿಸುವ ನಾರಿನ ಕುಚ್ಚು, ಮುಖದಲ್ಲಿ ಹಂದಿ ಕಳಕೊಂಡ ಕಳೆ.

“ಫುವತಿನೋ, ನಿನ್ನ ಗಂಡನಿಂದ ನನ್ನ ಹಂದಿ ಹೋಯ್ತು.”

“ನನ್ನ ಗಂಡ ಆಗೋಕ್ಕಿಂತ ಮುಂಚೆ ಅವ್ರು ನಿಮ್ಮ ತಮ್ಮ ಅಲ್ವಾ ಭಾವ?”

“ಅದನ್ನೇ ಹೇಳೋಕೆ ಬಂದೆ. ತಮ್ಮ ಅಣ್ಣನ್ನ ಕರೀತಿದಾನೆ. ಆ ಕಾರು ಇನ್ಮೇಲೆ ನನ್ನ ಮನೆ ಮುಂದೆ ನಿಲ್ಲಬೇಕು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ತಗೊಂಡ್ಹೋಗ್ತೀನಿ.”

“ತಗೊಂಡು ಏನ್ಮಾಡ್ತೀರಿ? ನಿಮಗೆ ಓಡ್ಸೋಕೆ ಬರಲ್ವಲ್ಲ!”

“ಕೂತ್ಕೊಳ್ಳೋಕೆ ಬರುತ್ತಲ್ಲ,” ಎಂದ ಲೆಮಾನಾ ಗತ್ತಿನಿಂದ. “ಹಿಂದಿನ ಸೀಟಿನಲ್ಲಿ.”

ಅವನು ಹೋದ ಮೇಲೆ ಫುವತಿನೋ ಕಾರಿನ ಬಾಗಿಲಿಗೆ ಒರಗಿ ನಿಂತಳು. ಕಾರು ಹೋದರೆ ಪೇಟೆ ಹೋಯಿತು. ಪೇಟೆ ಹೋದರೆ ಉಪ್ಪಿಗೂ ಸೋಪಿಗೂ ಭಾವನ ಮನೆ ಮುಂದೆ ನಿಂತು, ಭಾವ ಒಂದು ಮಾತು ಎಂದು ಹಲ್ಲು ಕಿರಿಯಬೇಕು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಗಂಡನ ಮುಂದೆಯೇ ಹಾಗೆ ನಿಂತವಳಲ್ಲ. ಯಜಮಾನ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದೂ ಆ ಊರಿನಲ್ಲಿ ಸಾಧ್ಯವಿರಲಿಲ್ಲ. ಇಲ್ಲವೆಂದರೆ ಅವಳದಷ್ಟೇ ಅಲ್ಲ, ಮಣ್ಣಲ್ಲಿ ಮಲಗಿದವನ ಮಾನವೂ ಹೋಗುತ್ತಿತ್ತು.

ಭಾವ ಕೆಟ್ಟವನೇನಲ್ಲ, ಮೊಂಡ. ಎರಡು ವರ್ಷದ ಹಿಂದೆ ಪಕ್ಕದೂರಿನವರ ಜೊತೆ ನಡೆದ ಕ್ರಿಕೆಟ್ ಪಂದ್ಯದಲ್ಲಿ ಪೆಸಮಿನೋ ಅಂಪೈರ್ ಆಗಿದ್ದ. ಅಣ್ಣ ಬ್ಯಾಟ್ ಎತ್ತಿ ಇನ್ನೂ ಮೂರನೇ ಚೆಂಡು. ತಮ್ಮ ಕೈ ಎತ್ತಿ ಔಟ್ ಕೊಟ್ಟ. ಅಷ್ಟೇ. ಅವತ್ತಿನಿಂದ ಲೆಮಾನಾ ತಮ್ಮನ ಜೊತೆ ಮಾತು ಬಿಟ್ಟ. ಪೆಸಮಿನೋ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಾಗಲೂ ನೋಡಲು ಬರಲಿಲ್ಲ. ಹೂತ ಮೂರನೆಯ ದಿನ ಮಾತ್ರ ಬಂದು, ತಮ್ಮನ ಕೆಂಪು ಟೂಲ್ಸ್ ಪೆಟ್ಟಿಗೆಯನ್ನು “ಜೋಪಾನವಾಗಿ ಇಟ್ಟಿರ್ತೀನಿ” ಎಂದು ಹೊತ್ತುಕೊಂಡು ಹೋದ. ಅವನಿಗೆ ಸ್ಕ್ರೂಡ್ರೈವರಿನ ಯಾವ ತುದಿ ಹಿಡಿಯಬೇಕೆಂದೂ ತಿಳಿಯದು. ಹಾಗೆ ಜೋಪಾನ ಮಾಡಲು ಹೊರಟವನು ಅವನೊಬ್ಬನೇ ಅಲ್ಲ. ಊರಿನಲ್ಲಿ ಅರ್ಧ ಜನ ಪೆಸಮಿನೋನ ಸಾಮಾನುಗಳನ್ನು ಜೋಪಾನ ಮಾಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ರೂತಾ ಬೀಸಣಿಗೆ ಆಡಿಸುತ್ತ ಬಂದಳು. ಮೈ ತುಂಬ ನಗುವ ಹೆಂಗಸು. ಆದರೆ ಅವತ್ತು ಕಾರಿನಿಂದ ಹತ್ತು ಮಾರು ದೂರದಲ್ಲೇ ನಿಂತಳು.

“ಇದಾನೇನೇ ಒಳಗೆ?”

“ಬಾ, ನೋಡೋಣ ಇದಾರಾ ಅಂತ.”

ಫುವತಿನೋ ಕಾರು ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದಳು. ಸಿಳ್ಳೆ ಬಂತು. ರೂತಾ ಮನೆಯ ಹೊರಗೋಡೆಗೆ ಬಡಿದಿದ್ದ ಶಿಲುಬೆಯ ಕಡೆಗೆ ಸರಿದಳು. ಫುವತಿನೋ ಮಾತ್ರ ಮೂವತ್ತೈದು ವರ್ಷ ಗಂಡನಿಗೆ ಟಾರ್ಚ್ ಹಿಡಿದು ನಿಂತವಳು. ಇಂಜಿನ್ ಏದುಸಿರು ಬಿಡುತ್ತ ಎದ್ದೆದ್ದು ಬೀಳುತ್ತಿತ್ತು. ಅದು ಅವಳಿಗೆ ಸರಿ ಕಾಣಲಿಲ್ಲ. ಹಿತ್ತಿಲಿನ ಪಪ್ಪಾಯಿ ಗಿಡದಿಂದ ಒಂದು ಎಲೆ ಕಿತ್ತು, ಎಲೆ ಬಿಸಾಡಿ ಟೊಳ್ಳು ದಂಟನ್ನು ಉಳಿಸಿಕೊಂಡಳು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಇಂಜಿನ್ನಿನ ಮೇಲೆ. ಪೆಸಮಿನೋ ಮಾಡುತ್ತಿದ್ದದ್ದು ಹೀಗೆಯೇ. ದಂಟನ್ನು ಮೆಲ್ಲಗೆ ಆ ಮೂಲೆಯಿಂದ ಈ ಮೂಲೆಗೆ ಸರಿಸಿದಳು. ಒಂದು ಕಡೆ ಬಂದಾಗ ಕಿವಿಯ ತಮಟೆ ಹರಿಯುವಂತೆ ಕುಯ್ಯೆಂದಿತು.

“ರೂತಾ, ಬಾರೇ ಇಲ್ಲಿ. ನಿಮ್ಮ ಪೆಸಮಿನೋ ಸಿಕ್ಕಿದ್ರು.”

ಹೆಬ್ಬೆರಳು ಗಾತ್ರದ ರಬ್ಬರ್ ಪೈಪು. ಇಂಜಿನ್ ಒಳಗಿಂದ ಗಾಳಿ ಹೀರಿಕೊಳ್ಳುವ ವ್ಯಾಕ್ಯೂಮ್ ಪೈಪು ಅದು. ತುದಿ ಸೀಳಿತ್ತು, ಹಿಡಿದುಕೊಂಡಿದ್ದ ಕ್ಲಿಪ್ಪು ತುಕ್ಕು ಹಿಡಿದು ಮುರಿದಿತ್ತು. ಆ ಸಂದಿಯಿಂದ ಗಾಳಿ ನುಗ್ಗುವಾಗ ಸಿಳ್ಳೆ. ಫುವತಿನೋ ಬೆರಳಿಂದ ಒತ್ತಿ ಹಿಡಿದಳು, ಸಿಳ್ಳೆ ನಿಂತಿತು. ಬಿಟ್ಟಳು, ಬಂತು. ಒತ್ತಿದಳು, ನಿಂತಿತು.

ರೂತಾ ಎರಡು ಕೈಯನ್ನೂ ಸೊಂಟಕ್ಕಿಟ್ಟಳು. “ಇಷ್ಟೇನಾ? ಈ ಪೈಪಿಗಾ ಒಂದು ಹಂದಿ ಹೋಗಿದ್ದು?”

“ಇಷ್ಟೇ.”

“ಹಾಗಾದ್ರೆ ಹೋಗಿ ಎಲ್ಲರಿಗೂ ತೋರಿಸು. ಕಾರು ಉಳಿಯುತ್ತೆ.”

“ತೋರಿಸಿದ್ರೆ ಭಾವ ಏನಂತಾರೆ ಗೊತ್ತಾ? ದೆವ್ವ ಪೈಪಿನೊಳಗೆ ಕೂತಿದೆ ಅಂತಾರೆ. ಹಂದಿ ಕೊಟ್ಟಾಗಿದೆಯಲ್ಲ, ಅಷ್ಟು ಸುಲಭವಾಗಿ ಬಿಟ್ಟುಬಿಡ್ತಾರಾ?” ಫುವತಿನೋ ಪೈಪನ್ನು ಮತ್ತೆ ಒಳಗೆ ತುರುಕಿದಳು, ಅದು ಮತ್ತೆ ಸರಿದುಕೊಂಡಿತು. “ಸರಿ ಮಾಡೋಣ ಅಂದ್ರೆ ಕ್ಲಿಪ್ಪೆಲ್ಲ ಆ ಕೆಂಪು ಪೆಟ್ಟಿಗೆಯಲ್ಲಿದೆ. ಬಿಸ್ಕತ್ತಿನ ಡಬ್ಬಿಯೊಳಗೆ. ನಾನೇ ಗಾತ್ರ ನೋಡಿ ಎತ್ತಿಟ್ಟಿದ್ದೆ.”

ಪೇಟೆಯಲ್ಲಿ ಕ್ಲಿಪ್ಪು ಸಿಗುವುದಿಲ್ಲ ಎಂದೇನಲ್ಲ. ಆದರೆ ತನ್ನ ಗಂಡನ ಕೈಯ ಎಣ್ಣೆ ಹತ್ತಿದ ಪೆಟ್ಟಿಗೆ ಯಾರದೋ ಮಂಚದ ಕೆಳಗೆ ಕೂತಿರುವಾಗ ಅಂಗಡಿಯಿಂದ ಹೊಸ ಕ್ಲಿಪ್ಪು ತರುವುದೆಂದರೆ ಅವಳಿಗೆ ಪೆಸಮಿನೋನನ್ನು ಇನ್ನೊಮ್ಮೆ ಹೂತ ಹಾಗಾಗುತ್ತಿತ್ತು.

ಅವಳು ಡ್ರೈವರ್ ಸೀಟಿನಲ್ಲಿ ಕೂತು ಸುಮ್ಮನೆ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಗುರ್ರೆಂದಿತು, ಸಿಳ್ಳೆ ಅದರಲ್ಲಿ ಮುಳುಗಿಹೋಯಿತು. ಕಾಲು ತೆಗೆದಳು. ಸಿಳ್ಳೆ ಮೊದಲಿಗಿಂತ ಚೂಪಾಗಿ ಬಂತು. ಮತ್ತೆ ಒತ್ತಿದಳು: ಗುರ್. ಬಿಟ್ಟಳು: ಕುಯ್. ಫುವತಿನೋ ರೂತಾಳ ಮುಖ ನೋಡಿದಳು. ರೂತಾ ಫುವತಿನೋಳ ಕಾಲಿನ ಹೆಬ್ಬೆರಳು ನೋಡಿದಳು.

“ಅಯ್ಯೋ ಪಾಪಿ,” ಎಂದಳು ರೂತಾ, ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡು. “ಬೇಡ ಕಣೇ. ಪಾದ್ರಿಗಳಿಗೆ ಗೊತ್ತಾದ್ರೆ?”

“ಪಾದ್ರಿಗಳನ್ನೂ ಕರೀತೀನಿ,” ಎಂದಳು ಫುವತಿನೋ.

ಅವಳು ಭಾವನಿಗೆ ಹೇಳಿ ಕಳಿಸಿದ್ದು ಬಹಳ ವಿನಯದ ಮಾತು. ಕಾರು ನಿಮ್ಮದೇ ಭಾವ, ಆದರೆ ಅದರಲ್ಲಿರುವವರನ್ನು ಒಂದು ಮಾತು ಕೇಳಿ ಕರೆದುಕೊಂಡು ಹೋಗುವುದು ಮರ್ಯಾದೆ. ಶನಿವಾರ ಮಧ್ಯಾಹ್ನ ಮನೆಯವರೆಲ್ಲ ಬರಲಿ. ಲೆಮಾನಾನಿಗೆ ಇದು ತುಂಬ ಹಿಡಿಸಿತು. ಹಿರಿಯರ ಮಾತು ಸತ್ತವರೂ ಕೇಳುತ್ತಾರೆ ಎಂದು ಊರಿಗೆ ತೋರಿಸುವ ಆಸೆ ಅವನಿಗೆ ಮೊದಲಿಂದಲೂ ಇತ್ತು.

ಶನಿವಾರ ಅಂಗಳ ತುಂಬಿತು. ಮನೆಯವರು ಬರಲಿ ಎಂದರೆ ಊರೇ ಬಂದಿತ್ತು. ಮನೆ ಮುಂದೆ ಪೆಸಮಿನೋನ ನೀಲಿ ಗೋರಿ, ಗೋರಿಯ ಪಕ್ಕ ನೀಲಿ ಕಾರು, ಎದುರಿಗೆ ಚಾಪೆಗಳು. ಪಾದ್ರಿ ಏಲಿಯಾ ಮರದ ಕುರ್ಚಿಯಲ್ಲಿ ಕೂತು, ತಾನು ಬಂದದ್ದು ಬರೀ ಪ್ರಾರ್ಥನೆಗೆ, ಇಂಥದ್ದಕ್ಕಲ್ಲ ಎಂದು ಮೂರು ಸಲ ಹೇಳಿದರು. ಹೇಳಿದವರು ಎದ್ದು ಹೋಗಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ಇಂಜಿನ್ ಓಡ್ತಿದ್ರೇನೇ ಅವ್ರು ಮಾತಾಡೋದು,” ಎಂದು ಫುವತಿನೋ ಡ್ರೈವರ್ ಸೀಟಿನಲ್ಲಿ ಕೂತಳು. ಕಪ್ಪು ಉಡುಪಿನ ಅಂಚನ್ನು ಕಾಲ ಮೇಲೆ ಚೆನ್ನಾಗಿ ಹರಡಿಕೊಂಡಳು. “ಹೌದು ಅಂದ್ರೆ ಸಿಳ್ಳೆ ಹಾಕ್ತಾರೆ. ಇಲ್ಲ ಅಂದ್ರೆ ಗುರ್ ಅಂತಾರೆ. ಬದುಕಿದ್ದಾಗಲೂ ಹಾಗೇ ಅಲ್ವಾ?”

ಹೌದು, ಹಾಗೆಯೇ ಎಂದು ಮುದುಕಿಯರು ತಲೆಯಾಡಿಸಿದರು. ಕಾರು ಹೊತ್ತಿಕೊಂಡಿತು. ಸಿಳ್ಳೆ ಅಂಗಳದ ತುಂಬ ಹರಡಿತು. ಚಾಪೆಗಳು ನಾಲ್ಕು ಗೇಣು ಹಿಂದಕ್ಕೆ ಸರಿದವು.

ಲೆಮಾನಾ ಎದ್ದು ನಿಂತು ನಾರಿನ ಕುಚ್ಚನ್ನು ಹೆಗಲಿಗೆ ಹಾಕಿಕೊಂಡ. ದೊಡ್ಡ ಸಭೆಯಲ್ಲಿ ಆಡುವ ದನಿಯಲ್ಲೇ ಶುರುಮಾಡಿದ. “ಪೆಸಮಿನೋ! ನಾನು ನಿನ್ನ ಅಣ್ಣ, ಈ ಮನೆತನದ ಯಜಮಾನ. ನೀನು ಕರೆದದ್ದು ನನ್ನನ್ನೇ ತಾನೇ?”

ಫುವತಿನೋ ಕಾಲು ಆಡಿಸಲಿಲ್ಲ. ಸಿಳ್ಳೆ. ಜನ ಉಸಿರು ಬಿಟ್ಟರು. ಲೆಮಾನಾನ ಎದೆ ಎರಡು ಅಂಗುಲ ಉಬ್ಬಿತು.

“ಹಾಗಾದ್ರೆ ಈ ಕಾರು ನನ್ನ ಮನೆಗೆ ಬರಬೇಕು ಅಂತ ನಿನ್ನ ಆಸೆ?”

ಗುರ್ರ್! ಕಾರು ನಡುಗಿತು. ಹಿಂದಿನ ಕೊಳವೆ ಕಪ್ಪು ಹೊಗೆ ಉಗುಳಿತು. ಮುಂದಿನ ಸಾಲಿನಲ್ಲಿ ಕೂತಿದ್ದ ತಾಸಿ ಹಿಂದಿನ ಸಾಲಿನವರ ಮಡಿಲಿಗೆ ಬಿದ್ದ.

“ಸರಿಯಾಗಿ ಕೇಳಿಸಲಿಲ್ವೇನೋ,” ಎಂದು ಲೆಮಾನಾ ಗಂಟಲು ಸರಿಮಾಡಿಕೊಂಡ. “ಪೆಸಮಿನೋ, ಕಾರು ನನ್ನ—”

ಗುರ್ರ್ ಗುರ್ರ್!

“ಕೇಳಿಸಿದೆ ಭಾವ, ಕೇಳಿಸಿದೆ,” ಎಂದಳು ಫುವತಿನೋ ಕಿಟಕಿಯಿಂದ, ಹೆದರಿದವಳ ಹಾಗೆ. “ಸಿಟ್ಟು ಬರಿಸಬೇಡಿ.”

ಆಗ ರೂತಾ ಎದ್ದಳು. ಬೀಸಣಿಗೆ ಮೂಗಿನ ತನಕ ಏರಿತ್ತು, ಹೆಗಲು ಅಲ್ಲಾಡುತ್ತಿತ್ತು. ಜನ ಅಳುತ್ತಿದ್ದಾಳೆ ಎಂದುಕೊಂಡರು. “ಪೆಸಮಿನೋ, ಒಂದು ಮಾತು ಕೇಳ್ತೀನಿ. ನಿನಗೆ ನೆಮ್ಮದಿ ಯಾಕಿಲ್ಲ? ನಿನ್ನ ಸಾಮಾನು ಯಾರ ಮನೇಲಾದ್ರೂ ಇದೆಯಾ?”

ಸಿಳ್ಳೆ ಎಂದರೆ ಅದು ಸಿಳ್ಳೆ. ಫುವತಿನೋ ಒಮ್ಮೆ ಒತ್ತಿ ಬಿಟ್ಟಿದ್ದಳು. ಗಾಜು ಸೀಳುವ ಹಾಗೆ ಬಂತು, ನಿಲ್ಲಲೇ ಇಲ್ಲ. ಅಂಗಳದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಕೆಂಪು ಪೆಟ್ಟಿಗೇನಾ?” ಎಂದಳು ರೂತಾ.

ಕುಯ್ಯ್.

ಲೆಮಾನಾ ಕುಚ್ಚನ್ನು ಚಾಪೆಯ ಮೇಲೆ ಬಿಟ್ಟು ಹೊರಟುಹೋದ. ನೋವಿರುವ ಮಂಡಿಯ ಮುದುಕ ಅಷ್ಟು ಬೇಗ ನಡೆದದ್ದನ್ನು ಊರು ಕಂಡಿರಲಿಲ್ಲ. ಕಾಲು ಗಂಟೆಯಲ್ಲಿ ಕೆಂಪು ಪೆಟ್ಟಿಗೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ಗೋರಿಯ ಮೇಲಿಟ್ಟ.

ಅಷ್ಟರಲ್ಲಿ ಅಂಗಳ ಅರ್ಧ ಖಾಲಿಯಾಗಿತ್ತು. ಹೋದವರೆಲ್ಲ ಓಡಿ ಬಂದರು, ಬರಿಗೈಯಲ್ಲಲ್ಲ. ತಾಸಿ ಜಾಕ್ ತಂದ. ಯಾರೋ ಮೀನು ಹಿಡಿಯುವ ದೀಪ, ಯಾರೋ ತೆಂಗಿನಕಾಯಿ ತುರಿಯುವ ಮಣೆ, ಯಾರೋ ಕತ್ತಿ. ಪೆಸಮಿನೋನದಲ್ಲದ ಒಂದು ಇಸ್ತ್ರಿಪೆಟ್ಟಿಗೆಯೂ ಬಂತು. ತಂದವಳು ಯಾರ ಮನೆಯದೆಂದು ನೆನಪಿಲ್ಲ, ಇಲ್ಲೇ ಇರಲಿ ಎಂದಳು. ಕೊನೆಗೆ ಪಾದ್ರಿ ಏಲಿಯಾ ಒಂದು ಕಪ್ಪು ಕೊಡೆಯನ್ನು ಸದ್ದಿಲ್ಲದೆ ರಾಶಿಯ ಹಿಂದೆ ಒರಗಿಸಿ, ಮೋಡ ನೋಡುತ್ತ ನಿಂತರು.

ಐದು ಗಂಟೆಗೆ ಅಂಗಳ ಖಾಲಿಯಾಯಿತು. ರೂತಾ ಅಡುಗೆಮನೆಯ ಕಂಬ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಕಣ್ಣೊರೆಸಿಕೊಂಡು ಮನೆಗೆ ಹೋದಳು.

ಫುವತಿನೋ ಪೆಟ್ಟಿಗೆ ತೆರೆದಳು. ಗ್ರೀಸ್, ಬೆವರು, ಹಳೇ ತಂಬಾಕು, ಪೆಸಮಿನೋನ ವಾಸನೆಯೇ. ಬಿಸ್ಕತ್ತಿನ ಡಬ್ಬಿ ಇದ್ದಲ್ಲೇ ಇತ್ತು. ಅವಳು ಪೈಪನ್ನು ಎಳೆದು ತೆಗೆದು, ಸೀಳಿದ ತುದಿಯನ್ನು ಒಂದು ಬೆರಳಿನಷ್ಟು ಚಾಕುವಿನಿಂದ ನೇರಕ್ಕೆ ಕತ್ತರಿಸಿದಳು. ಮೊದಲು ಕ್ಲಿಪ್ಪನ್ನು ಪೈಪಿಗೆ ಏರಿಸಿಕೊಂಡಳು. ಇದನ್ನು ಮರೆತು ಎಷ್ಟು ಸಲ ಪೆಸಮಿನೋ ತನ್ನನ್ನು ತಾನೇ ಬೈದುಕೊಂಡಿದ್ದ. ತುದಿಗೆ ಎಂಜಲು ಸವರಿ ಇಂಜಿನ್ನಿನ ಕೊಳವೆಯ ಮೂತಿಗೆ ಒತ್ತಿ ಸಿಕ್ಕಿಸಿದಳು, ಕ್ಲಿಪ್ಪನ್ನು ಆ ಮೂತಿಯ ಉಬ್ಬಿನ ಹಿಂದಕ್ಕೆ ತಂದು ಸ್ಕ್ರೂ ತಿರುಗಿಸಿದಳು. ರಬ್ಬರ್ ಕತ್ತರಿಸುವಷ್ಟಲ್ಲ. “ಬಿಗಿ ಸಾಕು, ಸಿಟ್ಟು ಬೇಡ” ಎಂದು ಅವನು ಪ್ರತಿ ಸಲ ಹೇಳುತ್ತಿದ್ದ.

ಕಾರು ಸ್ಟಾರ್ಟ್ ಮಾಡಿದಳು. ಏದುಸಿರಿಲ್ಲ, ಎದ್ದು ಬೀಳುವುದಿಲ್ಲ, ಸಿಳ್ಳೆಯಿಲ್ಲ. ಇಂಜಿನ್ ತನ್ನ ಪಾಡಿಗೆ ತಾನು ಗುನುಗಿತು. ಗೆದ್ದಿದ್ದಳು, ಕಾರು ಅವಳದೇ. ಆದರೂ ಎತ್ತಿದ ಬಾನೆಟ್ಟಿನ ಕೆಳಗೆ ಮೊಣಕೈ ಊರಿ ನಿಂತವಳಿಗೆ ಅಳು ಒತ್ತರಿಸಿ ಬಂತು. ಪೈಪೆಂದು ಗೊತ್ತಾದ ಮೇಲೂ, ಈ ನಾಲ್ಕು ದಿನ ಗಂಡ ಮನೆಯಲ್ಲಿದ್ದ ಹಾಗಿತ್ತು.

“ಫುವತಿನೋ.”

ಲೆಮಾನಾ. ಕುಚ್ಚಿಲ್ಲ, ಅಂಗಿಯಿಲ್ಲ, ಬರೀ ಲಾವಲಾವಾ. ಗೋರಿಯ ಆಚೆ ಬದಿಯಲ್ಲಿ ಶಾಲೆಗೆ ತಡವಾಗಿ ಬಂದವನ ಹಾಗೆ ನಿಂತಿದ್ದ. ಎತ್ತಿದ ಬಾನೆಟ್ ಅಡ್ಡವಿದ್ದುದರಿಂದ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅವನಿಗೆ ಕಾಣಲಿಲ್ಲ.

“ಓಡ್ತಾ ಇದೆಯಲ್ಲ, ಒಳ್ಳೇದಾಯ್ತು. ಜನರ ಮುಂದೆ ಕೇಳೋಕಾಗದ ಒಂದು ಮಾತಿತ್ತು. ನೀನು ಅಲ್ಲೇ ಇರು.” ಅವನು ಗೋರಿಯ ಅಂಚಿನಲ್ಲಿ ಕೂತು ಟೈಲ್ಸ್ ಮೇಲೆ ಕೈಯಿಟ್ಟ. ಸಭೆಯ ದನಿ ಎಲ್ಲಿ ಹೋಗಿತ್ತೋ. “ಪೆಸಮಿನೋ, ನಾನು ಆಸ್ಪತ್ರೆಗೆ ಬರಲಿಲ್ಲ. ಎರಡು ಸಲ ಬಸ್ ಹತ್ತಿದೆ ಕಣೋ. ಎರಡು ಸಲಾನೂ ಅರ್ಧ ದಾರೀಲಿ ಇಳಿದೆ. ನನಗೆ ನನ್ನ ಮೇಲೇ ಸಿಟ್ಟು. ನಿನಗೆ ನನ್ನ ಮೇಲೆ ಸಿಟ್ಟಿದೆಯಾ?”

ಫುವತಿನೋ ಆಕ್ಸಿಲರೇಟರಿನ ಕಡೆ ನೋಡಿದಳು. ಸೀಟು ದೂರವಿತ್ತು. ಅದರಿಂದ ಇಂಜಿನ್ನಿಗೆ ಬರುವ ಸರಿಗೆಯನ್ನು ಬಾನೆಟ್ಟಿನ ಕೆಳಗೇ ಬೆರಳಿಂದ ಎಳೆದಳು. ಗುರ್.

ಲೆಮಾನಾ ಎದೆ ಹಿಡಿದುಕೊಂಡ. “ಅಯ್ಯೋ! ಸಿಟ್ಟಿದೆ!”

“ಇಲ್ಲ ಭಾವ, ಗುರ್ ಅಂದ್ರೆ ಇಲ್ಲ ಅಂತ! ಸಿಟ್ಟಿಲ್ಲ ಅಂದ್ರು.”

“ಸಿಟ್ಟಿಲ್ಲದವನು ಹೇಳೋ ಧಾಟೀನಾ ಅದು?” ಮುದುಕನ ಕಣ್ಣು ತುಂಬಿತ್ತು. “ಬೇಡ, ಇಲ್ಲ ಅನ್ನೋದು ಬೇಡ. ಪೆಸಮಿನೋ, ನೀನು ಔಟ್ ಕೊಟ್ಟಿದ್ದು ಸರಿ. ಚೆಂಡು ನನ್ನ ಬ್ಯಾಟಿಗೆ ತಾಗಿತ್ತು, ನನಗೆ ಗೊತ್ತಿತ್ತು. ನನ್ನನ್ನ ಕ್ಷಮಿಸಿದ್ರೆ ಹೌದು ಅಂತ ಹೇಳು. ಒಂದೇ ಒಂದು ಸಿಳ್ಳೆ ಹಾಕು ತಮ್ಮಾ.”

ಇಂಜಿನ್ ಬೆಣ್ಣೆಯಂತೆ ಓಡುತ್ತಿತ್ತು. ಫುವತಿನೋ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಕೊಟ್ಟಳು, ತಿರುಗಿಸಿದಳು, ಜಾರಿತು. ಪೈಪು ಹಿಡಿದು ಎಳೆದಳು, ಜಗ್ಗಲಿಲ್ಲ. ಗಂಡನ ಹಾಗೆಯೇ ಕೆಲಸ ಮಾಡಿದ್ದಳಲ್ಲ, ಅಚ್ಚುಕಟ್ಟಾಗಿ. ಆಚೆ ಕಡೆ ಲೆಮಾನಾ ಕಾಯುತ್ತಿದ್ದ. ಅವನ ತಲೆ ಮೆಲ್ಲಮೆಲ್ಲಗೆ ತಗ್ಗುತ್ತಿರುವುದು ಬಾನೆಟ್ಟಿನ ಸಂದಿಯಿಂದ ಅವಳಿಗೆ ಕಾಣುತ್ತಿತ್ತು. ಮೂರು ದಿನ ಅವನ ಮೇಲಿದ್ದ ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ, ಉಳಿದದ್ದು ಬರೀ ಸಂಕಟ.

ಅಷ್ಟರಲ್ಲಿ ಚರ್ಚಿನ ಕಡೆಯಿಂದ ಶಂಖ ಊದಿತು. ಸಾ ಹೊತ್ತು.

ಫುವತಿನೋ ಕಣ್ಣು ಮುಚ್ಚಿ, ತುಟಿ ಸುರುಟಿ, ಸಿಳ್ಳೆ ಹಾಕಿದಳು. ಹುಟ್ಟಿದಾಗಿನಿಂದ ಹಾಕಿದವಳಲ್ಲ. ಮೊದಲು ಬರೀ ಗಾಳಿ ಬಂತು, ಆಮೇಲೆ ಸ್ವಲ್ಪ ಉಗುಳು, ಆಮೇಲೆ ಬಾಗಿಲಿಗೆ ಸಿಕ್ಕಿದ ಇಲಿಯ ಹಾಗೆ ಒಂದು ಕೀರಲು. ಇಡೀ ಊರು ಮೌನವಾಗಿದ್ದ ಹೊತ್ತು. ಆ ಕೀರಲು ರಸ್ತೆಯ ತನಕ ಹೋಯಿತು.

ಲೆಮಾನಾ ತಲೆಯೆತ್ತಿದ.

“ನನ್ನ ತಮ್ಮ,” ಎಂದ, “ಇಷ್ಟು ಕೆಟ್ಟದಾಗಿ ಸಿಳ್ಳೆ ಹಾಕ್ತಿರಲಿಲ್ಲ.”

ಅವನು ಎದ್ದು ಬಾನೆಟ್ಟಿನ ಈ ಬದಿಗೆ ಬಂದ. ಅವಳ ಒದ್ದೆ ತುಟಿ ನೋಡಿದ, ಸ್ಕ್ರೂಡ್ರೈವರ್ ನೋಡಿದ, ಪೈಪಿನ ಮೇಲೆ ಹೊಳೆಯುವ ಕ್ಲಿಪ್ಪು ನೋಡಿದ. ಫುವತಿನೋ ತುಟಿ ಒರೆಸಿಕೊಂಡಳು.

“ಅವ್ರು ಆಸ್ಪತ್ರೇಲಿ ಹೇಳಿದ್ರು ಭಾವ,” ಎಂದಳು ಪಿಸುದನಿಯಲ್ಲಿ. “ಬಾಯಿ ಬಿಟ್ಟೇ ಹೇಳಿದ್ರು. ಅಣ್ಣ ಔಟೇ, ಆದ್ರೆ ಇನ್ನೊಂದು ಚೆಂಡು ಆಡಿಸಬಹುದಿತ್ತು ಅಂತ. ಇದು ಸುಳ್ಳಲ್ಲ. ನಿಮಗೆ ಹೇಳೋಕೆ ನೀವು ಮನೆಗೇ ಬರಲಿಲ್ಲ. ಬಂದ ದಿನ ಪೆಟ್ಟಿಗೆ ಹೊತ್ಕೊಂಡು ಹೋದ್ರಿ.”

ಮುದುಕನ ಗಲ್ಲ ಅದುರಿತು. ಅಳುತ್ತಾನೋ ನಗುತ್ತಾನೋ ತಿಳಿಯುವ ಮೊದಲೇ ರಸ್ತೆಯಿಂದ ಟಾರ್ಚಿನ ಬೆಳಕು ಬಿತ್ತು. ತಾಸಿ, ಅವನ ಹಿಂದೆ ಇನ್ನಿಬ್ಬರು ಕಾವಲಿನವರು, ಮೂವರೂ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು.

“ಯಾರದು?” ಎಂದ ತಾಸಿ. “ಸಾ ಹೊತ್ತಲ್ಲಿ ಸಿಳ್ಳೆ ಹಾಕಿದ್ದು ಯಾರು? ಮತ್ತೆ ಪೆಸ... ಪೆಸಮಿನೋನಾ?”

“ನನ್ನ ತಮ್ಮ ನೆಮ್ಮದಿಯಾಗಿ ಮಲಗಿದಾನೆ. ಅವನ ಸುದ್ದಿಗೆ ಹೋಗಬೇಡಿ,” ಎಂದ ಲೆಮಾನಾ, ಸಭೆಯ ದನಿಯಲ್ಲಿ. “ಸಿಳ್ಳೆ ಹಾಕಿದ್ದು ನಾನು.”

“ಯಜಮಾನ್ರೇ! ನೀವಾ?”

“ನಾನೇ. ಏನೀಗ? ಸೋಮವಾರ ಬಂದು ಇನ್ನೊಂದು ಹಂದಿ ಹೊಡ್ಕೊಂಡು ಹೋಗಿ.”

ಟಾರ್ಚು ಆರಿತು. ಹೆಜ್ಜೆಗಳು ದೂರವಾದವು. ಲೆಮಾನಾ ಬಗ್ಗಿ, ಬೆರಳ ತುದಿಯಿಂದ ಕ್ಲಿಪ್ಪನ್ನು ಮುಟ್ಟಿ ನೋಡಿದ.

“ಇದು ಗಟ್ಟಿಯಾಗಿದೆಯಾ?”

“ಗಟ್ಟಿಯಾಗಿದೆ ಭಾವ.”

“ಇನ್ನೊಂದು ಸುತ್ತು ಬಿಗಿ ಮಾಡು. ಮೂರನೇ ಹಂದಿ ನನ್ನ ಹತ್ರ ಇಲ್ಲ.”